ಬ್ರಾಂಕೋಸ್ಕೋಪಿ: ರಕ್ತಸ್ರಾವ ತಡೆಯುವ ಕೆಲಸ ಮನೆಯಿಂದಲೇ ಆರಂಭ



ವೈದ್ಯಕೀಯ ನೆರವು ಕೋರಿ ನಮ್ಮ ಸಂಘಕ್ಕೆ ಬರುವ ಅರ್ಜಿಗಳಲ್ಲಿ ‘ಬ್ರಾಂಕೋಸ್ಕೋಪಿ’ ಎಂಬ ಹೆಸರು ಆಗಾಗ ಕಾಣುತ್ತದೆ. ಶ್ವಾಸಕೋಶದಲ್ಲಿರುವುದು ಕ್ಷಯವೋ, ಕ್ಯಾನ್ಸರೋ, ಬೇರೆ ಸೋಂಕೋ ಎಂಬುದು ಕಫ ಪರೀಕ್ಷೆ, ಸ್ಕ್ಯಾನ್‌ಗಳಿಂದ ಖಚಿತವಾಗದಾಗ ವೈದ್ಯರು ಇದನ್ನು ಸೂಚಿಸುತ್ತಾರೆ. ಕ್ಯಾಮೆರಾ ಇರುವ ತೆಳ್ಳನೆಯ, ಬಾಗುವ ಕೊಳವೆಯನ್ನು ಮೂಗು ಅಥವಾ ಬಾಯಿಯ ಮೂಲಕ ಶ್ವಾಸನಾಳಕ್ಕೆ ಇಳಿಸಿ ನೋಡುತ್ತಾರೆ. ಸಲೈನ್ ಬಿಟ್ಟು ತೊಳೆದು ಆ ದ್ರವವನ್ನು ಪರೀಕ್ಷೆಗೆ ಕಳಿಸಬಹುದು. ಅಗತ್ಯವಿದ್ದರೆ ಪುಟ್ಟ ಚಿಮಟದಿಂದ ಅಂಗಾಂಶದ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ.

‘ರಕ್ತ ಬರುತ್ತದಂತೆ, ಬೇಡ’ ಎಂದು ಹೆದರಿ ಪರೀಕ್ಷೆಯನ್ನೇ ಮುಂದೂಡುವವರಿದ್ದಾರೆ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ವಿಷಯ ಹೇಳದೆ ಟೇಬಲ್ ಮೇಲೆ ಮಲಗುವವರೂ ಇದ್ದಾರೆ. ಎರಡೂ ಸರಿಯಲ್ಲ.

ಬಯಾಪ್ಸಿಯಲ್ಲಿ ಸ್ವಲ್ಪ ರಕ್ತ ಬರುವುದು ಸಹಜ. ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ. ಹೆಚ್ಚಿನ ರಕ್ತಸ್ರಾವ ಅಪರೂಪ, ಆದರೆ ಆದಾಗ ಗಂಭೀರ. ವಯಸ್ಕರ ಶ್ವಾಸನಾಳಗಳ ಒಳಜಾಗ ಒಟ್ಟು ಸುಮಾರು 150 ಮಿಲಿಲೀಟರ್, ಅಂದರೆ ಒಂದು ಲೋಟ ಚಹಾದಷ್ಟು. ಕೈಗೆ ಗಾಯವಾಗಿ ಅಷ್ಟು ರಕ್ತ ಹೋದರೂ ದೇಹ ತಡೆದುಕೊಳ್ಳುತ್ತದೆ. ಶ್ವಾಸನಾಳದಲ್ಲಿ ಅಷ್ಟು ರಕ್ತ ತುಂಬಿದರೆ ಉಸಿರೇ ಕಟ್ಟುತ್ತದೆ.

ರಕ್ತ ಬಂದರೆ ನಿಲ್ಲಿಸಲು ವೈದ್ಯರ ಬಳಿ ಉಪಾಯಗಳಿವೆ: ತಣ್ಣನೆಯ ಸಲೈನ್, ರಕ್ತನಾಳ ಕುಗ್ಗಿಸುವ ಔಷಧ, ಕೊಳವೆಯ ತುದಿಯಿಂದಲೇ ಆ ಕವಲನ್ನು ಮುಚ್ಚಿ ಹಿಡಿಯುವುದು, ಒಳ್ಳೆಯ ಶ್ವಾಸಕೋಶಕ್ಕೆ ರಕ್ತ ಹರಿಯದಂತೆ ರಕ್ತ ಬರುವ ಕಡೆಗೆ ರೋಗಿಯನ್ನು ಮಗ್ಗುಲಾಗಿಸುವುದು. ಆದರೆ ನಿಜವಾದ ಮುನ್ನೆಚ್ಚರಿಕೆ ನಡೆಯಬೇಕಾದದ್ದು ಅದಕ್ಕೆ ಒಂದು ವಾರ ಮೊದಲೇ.

ಮೊದಲನೆಯದು, ಮಾತ್ರೆಗಳ ಪಟ್ಟಿ. ಕ್ಲೋಪಿಡೊಗ್ರೆಲ್ ಮಾತ್ರೆಯನ್ನು ಬಯಾಪ್ಸಿಗೆ 5ರಿಂದ 7 ದಿನ ಮೊದಲು, ವಾರ್ಫರಿನ್ ಅನ್ನು ಸುಮಾರು 5 ದಿನ ಮೊದಲು ನಿಲ್ಲಿಸಲು ಸಾಮಾನ್ಯವಾಗಿ ಹೇಳುತ್ತಾರೆ. ಕಡಿಮೆ ಪ್ರಮಾಣದ ಆಸ್ಪಿರಿನ್ ಅನ್ನು ಹಲವು ಬಾರಿ ಮುಂದುವರಿಸುತ್ತಾರೆ. ಊರಿನಿಂದ ಮಗನ ಮನೆಗೆ ಬಂದ ಹಿರಿಯರ ಚೀಲದಲ್ಲಿ ಊರಿನ ಡಾಕ್ಟರು ಬರೆದ ಮಾತ್ರೆಗಳಿರುತ್ತವೆ. ‘ಅದು ಕೊಲೆಸ್ಟರಾಲ್ ಮಾತ್ರೆ’ ಎಂದು ಮನೆಯವರು ನಂಬಿದ ಒಂದೇ ಕ್ಯಾಪ್ಸೂಲಿನಲ್ಲಿ ಕ್ಲೋಪಿಡೊಗ್ರೆಲ್ ಕೂಡ ಸೇರಿರಬಹುದು. ಆದ್ದರಿಂದ ಬಾಯಿಮಾತು ಬೇಡ. ನಾಟಿ ಔಷಧಿಯೂ ಸೇರಿದಂತೆ ಎಲ್ಲ ಸ್ಟ್ರಿಪ್, ಡಬ್ಬಿಗಳನ್ನು ಆಸ್ಪತ್ರೆಗೆ ಒಯ್ದು ತೋರಿಸಿ.

ಹಾಗೆಂದು ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಹೃದಯಕ್ಕೆ ಇತ್ತೀಚೆಗೆ ಸ್ಟೆಂಟ್ ಹಾಕಿಸಿಕೊಂಡವರು ಕ್ಲೋಪಿಡೊಗ್ರೆಲ್ ಬಿಟ್ಟರೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಯಾವುದನ್ನು, ಎಷ್ಟು ದಿನ ಎಂಬುದನ್ನು ಹೃದ್ರೋಗ ಮತ್ತು ಶ್ವಾಸಕೋಶದ ವೈದ್ಯರು ಮಾತಾಡಿ ತೀರ್ಮಾನಿಸಲಿ.

ಎರಡನೆಯದು, ರಕ್ತ ಪರೀಕ್ಷೆ. ಬಯಾಪ್ಸಿಗೆ ಪ್ಲೇಟ್‌ಲೆಟ್ ಸಾಮಾನ್ಯವಾಗಿ 50,000ಕ್ಕಿಂತ ಹೆಚ್ಚಿರಬೇಕು, ಐಎನ್‌ಆರ್ 1.5ಕ್ಕಿಂತ ಕಡಿಮೆಯಿರಬೇಕು. ಮೂತ್ರಪಿಂಡ ಸೋತವರಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದ್ದರೂ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಕ್ರಿಯಾಟಿನಿನ್ ಕೂಡ ನೋಡುತ್ತಾರೆ. ಹಿಂದೆ ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ತೊಂದರೆಯಾಗಿದ್ದರೆ ಅದನ್ನೂ ಹೇಳಿ.

ಬಯಾಪ್ಸಿಯ ನಂತರ ಒಂದೆರಡು ದಿನ ಕಫದಲ್ಲಿ ರಕ್ತದ ಗೆರೆ ಕಂಡರೆ ಗಾಬರಿ ಬೇಡ. ಬರಿಯ ರಕ್ತವೇ ಚಮಚಗಟ್ಟಲೆ ಬಂದರೆ, ಎದೆನೋವು ಅಥವಾ ಉಬ್ಬಸ ಹೆಚ್ಚಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಲ್ಲಿಸಿದ ಮಾತ್ರೆ ಮತ್ತೆ ಯಾವಾಗ ಶುರು ಎಂಬುದನ್ನು ಬರೆಸಿಕೊಂಡೇ ಮನೆಗೆ ಬನ್ನಿ.

ಬ್ರಾಂಕೋಸ್ಕೋಪಿಯ ಹಣವನ್ನು ಹೇಗೋ ಹೊಂದಿಸಿದ ಕುಟುಂಬಗಳು ಅದಕ್ಕೆ ಮೊದಲಿನ ರಕ್ತ ಪರೀಕ್ಷೆಗೆ ಬಂದಾಗ ಕೈಚೆಲ್ಲುತ್ತವೆ. ದೊಡ್ಡ ಬಿಲ್ಲಿಗಷ್ಟೇ ಅಲ್ಲ, ಈ ಚಿಕ್ಕ ಬಿಲ್ಲಿಗೂ ನಿಮ್ಮ ದೇಣಿಗೆ ಬೇಕು. ಹಣ ಕೊಡಲಾಗದವರು ಒಂದು ಬೆಳಿಗ್ಗೆ ಕೊಡಿ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಹಿರಿಯರ ಜೊತೆ ಆಸ್ಪತ್ರೆಗೆ ಹೋಗಿ, ಅವರ ಮಾತ್ರೆಗಳ ಹೆಸರನ್ನು ವೈದ್ಯರಿಗೆ ಓದಿ ಹೇಳಿದರೆ ಅದೂ ದಾನವೇ.

— ವೈದ್ಯಕೀಯ ನೆರವು ಸಮಿತಿ