ಎಣ್ಣೆ ಹಚ್ಚುವ ಕೈಗೆ ನೋಂದಣಿಯಿಲ್ಲ

ಕಟಪಾಡಿಯಿಂದ ಉಡುಪಿಗೆ ಹೋಗುವಾಗ, ಉದ್ಯಾವರದ ಮಗ್ಗುಲಲ್ಲೇ, ಕುತ್ಪಾಡಿಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಸಿಗುತ್ತದೆ. 1958ರಲ್ಲಿ ಶುರುವಾದ ಈ ಕಾಲೇಜಿನ ಆಸ್ಪತ್ರೆಯಾಗಲಿ, ಪರೀಕದ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಯಾಗಲಿ, ಸೊಂಟನೋವು, ಸಂಧಿವಾತ, ಪಕ್ಷವಾತ ಎಂದು ಹೋದವರಿಗೆ ಮೊದಲು ನೆನಪಾಗುವುದು ಬೆಚ್ಚಗಿನ ಎಣ್ಣೆ, ಅದನ್ನು ಹಚ್ಚಿದ ಕೈ. ವೈದ್ಯರು ನಾಡಿ ನೋಡಿ ಚೀಟಿ ಬರೆಯುತ್ತಾರೆ. ಆಮೇಲೆ ಅಷ್ಟೂ ಹೊತ್ತು ರೋಗಿಯ ಮೈ ಇರುವುದು ಉಪಚಾರಕರ ಕೈಯಲ್ಲಿ. ಚೀಟಿ ಬರೆದವರ ಹೆಸರು ಸರಕಾರದ ನೋಂದಣಿ ಪುಸ್ತಕದಲ್ಲಿರುತ್ತದೆ. ಎಣ್ಣೆ ಹಚ್ಚಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಕರ್ನಾಟಕದಲ್ಲಿ ಮಾಲಿಷು ಮಾಡುವವರಿಗೆಂದೇ ಒಂದು ಶಾಸನಬದ್ಧ ನೋಂದಣಿ ಇಂದಿಗೂ ಹುಟ್ಟಿಲ್ಲ.

ಶಾಸ್ತ್ರ ಹೀಗೆ ಯೋಚಿಸಿರಲಿಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಿಗೆ ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿಯ ಮೇಲೆ ಅಕ್ಕರೆ, ಶುಚಿತ್ವ ಎಂಬ ನಾಲ್ಕು ಗುಣಗಳು ಇರಬೇಕೆಂದೂ ಅಲ್ಲಿದೆ. ನಮ್ಮ ಕಾನೂನು ಈ ಪಾದಗಳಿಗೆ ಒಂದೊಂದಾಗಿ ಲೆಕ್ಕವಿಟ್ಟಿತು. ಆಯುರ್ವೇದ, ಪ್ರಕೃತಿ ಚಿಕಿತ್ಸೆ, ಯುನಾನಿ ವೈದ್ಯರ ನೋಂದಣಿಗೆ ರಾಜ್ಯದ 1961ರ ಕಾಯ್ದೆ ಬಂತು. 1964ರ ತಿದ್ದುಪಡಿಯಿಂದ ಆಯುರ್ವೇದದ ಔಷಧಗಳು ಕೇಂದ್ರದ ಔಷಧ ಕಾಯ್ದೆಯೊಳಗೆ ಸೇರಿದವು. ತೈಲದ ಬಾಟಲಿಯ ಮೇಲೆ ಲೈಸೆನ್ಸ್ ಸಂಖ್ಯೆ ಕಾಣುವುದು ಅದರಿಂದ. ಚಿಕಿತ್ಸೆ ನಡೆಯುವ ಕಟ್ಟಡಕ್ಕೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, ರೋಗಿಗೆ ಗ್ರಾಹಕ ನ್ಯಾಯಾಲಯವಿದೆ. ಬಿಟ್ಟುಹೋದದ್ದು ಉಪಚಾರಕನ ಪಾದ ಒಂದೇ.

ಅದು ಯಾಕೆ ಬಿಟ್ಟುಹೋಯಿತು ಎಂಬುದಕ್ಕೆ ಉತ್ತರವೂ 1961ರಲ್ಲೇ ಸಿಗುತ್ತದೆ. ದಾದಿಯರು ಮತ್ತು ಸೂಲಗಿತ್ತಿಯರ ನೋಂದಣಿಗೆ ರಾಜ್ಯ ಕಾಯ್ದೆ ಮಾಡಿದ್ದೂ ಅದೇ ವರ್ಷ. ಹೆರಿಗೆ ಮಾಡಿಸುವ ಕೈಯನ್ನು ಕಾನೂನು ಗುರುತಿಸಿತು. ಹೆರಿಗೆಯಾದ ಮೇಲೆ ನಲವತ್ತು ದಿನ ಬಾಣಂತಿಗೆ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವ ಕೈಯನ್ನು ಗುರುತಿಸಲಿಲ್ಲ. ಕರಾವಳಿಯ ಮನೆಗಳಲ್ಲಿ ಅದು ಬಚ್ಚಲಿನ ಕೆಲಸ, ಬಡ ಹೆಂಗಸರ ಕೆಲಸ. ಸೀರೆಯೋ ಅಕ್ಕಿಯೋ ಒಂದಿಷ್ಟು ಹಣವೋ ಕೊಟ್ಟರೆ ಋಣ ತೀರಿತು. ಗರಡಿಮನೆಯ ಮಾಲಿಷು, ಉಳುಕು ತೆಗೆಯುವವರ ವಿದ್ಯೆ ಕೂಡ ಹೀಗೆಯೇ ಆಸ್ಪತ್ರೆಯ ಹೊರಗೆ ಉಳಿದವು. ವಿದ್ಯೆ ಇಲ್ಲವೆಂದು ಹೊರಗಿಟ್ಟದ್ದಲ್ಲ; ಅದು ವಿದ್ಯೆ ಎಂದು ಯಾರಿಗೂ ತೋರಲಿಲ್ಲ.

ಇಂಗ್ಲೆಂಡಿನಲ್ಲಿ ಇದೇ ಕಸುಬು ಬೇರೆ ದಾರಿ ಹಿಡಿಯಿತು. 1894ರಲ್ಲಿ ಲಂಡನ್ನಿನ ಮಾಲಿಷು ಮನೆಗಳಲ್ಲಿ ಅನೈತಿಕ ವ್ಯವಹಾರ ನಡೆಯುತ್ತಿದೆ ಎಂದು ಅಲ್ಲಿನ ವೈದ್ಯಕೀಯ ಪತ್ರಿಕೆ ಬರೆದಾಗ, ನಾಲ್ವರು ದಾದಿಯರು ತಮ್ಮ ಕಸುಬಿನ ಮಾನ ಉಳಿಸಿಕೊಳ್ಳಲು ತರಬೇತಿ ಪಡೆದ ಮಾಲಿಷುಗಾರ್ತಿಯರ ಸಂಘ ಕಟ್ಟಿದರು, ಪರೀಕ್ಷೆ ಇಟ್ಟರು. 1920ರಲ್ಲಿ ಅದಕ್ಕೆ ರಾಜಮುದ್ರೆ ಸಿಕ್ಕಿತು. ಇಂದು ನಾವು ಫಿಸಿಯೋಥೆರಪಿ ಎನ್ನುವ ವೃತ್ತಿ ಬ್ರಿಟನ್ನಿನಲ್ಲಿ ಬೆಳೆದದ್ದು ಆ ಸಂಘದಿಂದ. ಅಮೆರಿಕದ ಓಹಾಯೊ ರಾಜ್ಯ ಮಾಲಿಷಿಗೆ ಪರವಾನಗಿ ಕೊಡಲು ತೊಡಗಿ ನೂರು ವರ್ಷ ಕಳೆದಿದೆ. ನಮ್ಮಲ್ಲಿ 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆ ಫಿಸಿಯೋಥೆರಪಿಸ್ಟರನ್ನು ಒಳಗೆ ಕರೆದುಕೊಂಡಿತು. ಆ ವೃತ್ತಿಯ ತಾಯಿಬೇರಾದ ಮಾಲಿಷು ಹೊರಗೇ ನಿಂತಿತು.

ಎಣ್ಣೆ ಹಚ್ಚುವುದರಲ್ಲಿ ಏನು ಅಪಾಯ ಎಂದು ಕೇಳಬಹುದು. ಅಭ್ಯಂಗವನ್ನು ದಿನಚರಿಯಲ್ಲಿ ಸೇರಿಸಿದ ಅಷ್ಟಾಂಗಹೃದಯವೇ ಅಜೀರ್ಣವಾದವರಿಗೆ, ಕಫ ಕೆರಳಿದವರಿಗೆ, ಆಗಷ್ಟೇ ಶೋಧನ ಮಾಡಿಸಿಕೊಂಡವರಿಗೆ ಅದು ಸಲ್ಲದು ಎಂದಿದೆ. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದಾಗ ಬಲವಾಗಿ ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವ ತೆಗೆಯಬಹುದು. 2024ರಲ್ಲಿ ಬಳ್ಳಾರಿಯ ಮೂವತ್ತರ ಹರೆಯದ ಒಬ್ಬರು ಕ್ಷೌರದ ಕೊನೆಗೆ ತಲೆ ಮಾಲಿಷು ಮಾಡಿಸಿಕೊಂಡಾಗ, ಕುತ್ತಿಗೆ ತಿರುಚಿದ್ದರಿಂದ ರಕ್ತನಾಳ ಸೀಳಿ ಪಾರ್ಶ್ವವಾಯುವಿಗೆ ಒಳಗಾದರು. ಇಂಥವು ಅಪರೂಪ, ನಿಜ. ಆದರೆ ಯಾರ ಮೈಗೆ ಕೈ ಹಚ್ಚಬಾರದು ಎಂಬುದು ಕಲಿತು ಬರುವ ತಿಳಿವಳಿಕೆ. ಅದನ್ನು ಕಲಿತವರು ಯಾರು, ಕಲಿಯದವರು ಯಾರು ಎಂದು ತಿಳಿಯಲು ರೋಗಿಗೆ ಇವತ್ತು ದಾರಿಯಿಲ್ಲ.

ಸ್ಪಾ, ಮಸಾಜ್ ಪಾರ್ಲರುಗಳಿಗೆ ಪೊಲೀಸರಿದ್ದಾರಲ್ಲ ಎನ್ನುವವರಿದ್ದಾರೆ. ಪೊಲೀಸರ ಕೈಯಲ್ಲಿರುವುದು 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ. ಅದು ಬಾಗಿಲ ಹಿಂದೆ ವೇಶ್ಯಾವಾಟಿಕೆ ನಡೆಯುತ್ತಿದೆಯೇ ಎಂದು ನೋಡುತ್ತದೆಯೇ ಹೊರತು ಕೈಗೆ ವಿದ್ಯೆ ಇದೆಯೇ ಎಂದಲ್ಲ. 2021ರಲ್ಲಿ ದೆಹಲಿ ಸರಕಾರ ಗಂಡಸರಿಗೆ ಹೆಂಗಸರು, ಹೆಂಗಸರಿಗೆ ಗಂಡಸರು ಮಾಲಿಷು ಮಾಡಕೂಡದೆಂದು ನಿಯಮ ತಂದಿತು. ಅಲ್ಲಿನ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಸ್ಪಾಗಳಲ್ಲಿ ಸಿಸಿಟಿವಿ ಹಾಕಬೇಕೆಂದು ಮದ್ರಾಸ್ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ಆದೇಶಿಸಿದರೆ, ಅದು ಖಾಸಗಿತನಕ್ಕೆ ಧಕ್ಕೆ ಎಂದು ಅದೇ ಹೈಕೋರ್ಟಿನ ಮದುರೈ ಪೀಠ 2022ರ ಜನವರಿಯಲ್ಲಿ ಹೇಳಿತು. ಇಷ್ಟು ವಾದಗಳಲ್ಲಿ ತರಬೇತಿಯ ಮಾತು ಮುನ್ನೆಲೆಗೆ ಬರಲೇ ಇಲ್ಲ. ಹೀಗಾಗಿ ಕುತ್ಪಾಡಿಯಂಥ ಆಸ್ಪತ್ರೆಯಲ್ಲಿ ಪ್ರಾಮಾಣಿಕವಾಗಿ ದುಡಿಯುವ ಉಪಚಾರಕಿಯೂ ಮಸಾಜ್ ಎಂಬ ಮಾತಿಗೆ ಅಂಟಿದ ಅನುಮಾನವನ್ನು ಹೊರಬೇಕಾಗಿದೆ. ನನಗೆ ಬಹಳ ಅನ್ಯಾಯವೆನಿಸುವುದು ಇದು.

ಪರವಾನಗಿ ಎಂದರೆ ಇನ್ನೊಂದು ಕಚೇರಿ, ಇನ್ನೊಂದು ಲಂಚ, ಓದು ಬಾರದ ಮುದುಕಿಯರ ಅನ್ನಕ್ಕೆ ಕಲ್ಲು ಎಂಬ ಆಕ್ಷೇಪ ತೂಕದ್ದು. ಅದಕ್ಕೇ ಮನೆಯ ಬಾಣಂತಿ ಸ್ನಾನವನ್ನು ಕಾನೂನಿನಿಂದ ಪೂರ್ತಿ ಹೊರಗಿಡಬೇಕು. ಬೋರ್ಡು ಹಾಕಿ, ದುಡ್ಡು ಪಡೆದು, ರೋಗ ಗುಣಪಡಿಸುತ್ತೇವೆ ಎನ್ನುವ ಕಡೆ ಮಾತ್ರ ನೋಂದಣಿ ಇರಲಿ. ಸಂವಿಧಾನದ 19(6)ನೆಯ ವಿಧಿ ವೃತ್ತಿಗೆ ಅರ್ಹತೆ ಗೊತ್ತುಮಾಡಲು ಸರಕಾರಕ್ಕೆ ಅಧಿಕಾರ ಕೊಟ್ಟಿದೆ. ವೃತ್ತಿಗಳ ವಿಷಯ ಸಮವರ್ತಿ ಪಟ್ಟಿಯಲ್ಲಿರುವುದರಿಂದ ರಾಜ್ಯವೂ ಕಾಯ್ದೆ ಮಾಡಬಹುದು. ಪಠ್ಯ ಹೊಸದಾಗಿ ಬರೆಯಬೇಕಾಗಿಯೂ ಇಲ್ಲ. ಕೇಂದ್ರದ ಕೌಶಲ ಮಂಡಳಿಗಳು ಪಂಚಕರ್ಮ ತಂತ್ರಜ್ಞರಿಗೆ ಆರೋಗ್ಯದ ಕಡೆಯಿಂದ, ಸ್ಪಾ ಥೆರಪಿಸ್ಟರಿಗೆ ಸೌಂದರ್ಯದ ಕಡೆಯಿಂದ ಮಾನದಂಡ ಮಾಡಿಟ್ಟಿವೆ. ಒಂದೇ ಕಸುಬು ಎರಡು ಮನೆಗೆ ಹಂಚಿಹೋಗಿದೆ, ಎರಡೂ ಕಡೆ ಪ್ರಮಾಣಪತ್ರ ಕಡ್ಡಾಯವಲ್ಲ. ಅನುಭವದಿಂದ ಕಲಿತವರ ವಿದ್ಯೆಯನ್ನು ಪರೀಕ್ಷಿಸಿ ಮಾನ್ಯ ಮಾಡುವ ಪದ್ಧತಿಯೂ ಕೌಶಲ ಯೋಜನೆಯಲ್ಲಿ ಆಗಲೇ ಇದೆ. ಕಾಪು, ಕಾರ್ಕಳ, ಮಣಿಪಾಲದ ಉಪಚಾರಕರಿಗೆ ಆ ಪರೀಕ್ಷೆ ಕುತ್ಪಾಡಿಯಲ್ಲೇ ನಡೆಯಲಿ, ಕನ್ನಡದಲ್ಲೋ ತುಳುವಿನಲ್ಲೋ, ಬಾಯಿಮಾತಿನಲ್ಲಿ. ಎಣ್ಣೆಯ ಬಿಸಿಯನ್ನು ಮೊದಲು ತನ್ನ ಅಂಗೈಯಲ್ಲಿ ನೋಡುತ್ತಾಳೆಯೇ, ಒಂದೇ ಕಾಲು ಊದಿ ಬಿಸಿಯಾಗಿರುವವರು ಬಂದು ಮಲಗಿದರೆ ಎಣ್ಣೆಯ ಪಾತ್ರೆ ಕೆಳಗಿಟ್ಟು ವೈದ್ಯರನ್ನು ಕರೆಯುತ್ತಾಳೆಯೇ, ಇಷ್ಟನ್ನು ಪರೀಕ್ಷಕರು ಪಕ್ಕದಲ್ಲಿ ನಿಂತು ನೋಡಿದರೆ ಸಾಕು.