ಜನಾಂಗಹತ್ಯೆಯ ವಿಷಯದ ಬೋಧನಕ್ರಮ

ಒಂದು ಜನಸಮುದಾಯವನ್ನು, ಅದು ಆ ಸಮುದಾಯವಾಗಿರುವ ಕಾರಣಕ್ಕಾಗಿಯೇ ನಾಶಗೊಳಿಸುವ ಕೃತ್ಯವು ಲೋಕದಲ್ಲಿ ಬಹು ಪುರಾತನವಾದುದು; ಅದಕ್ಕೆ ಪ್ರತ್ಯೇಕವಾದ ಹೆಸರು ಬಂದುದು ಮಾತ್ರ ತೀರ ಈಚೆಗೆ. ಪೋಲೆಂಡಿನ ಯೆಹೂದಿ ನ್ಯಾಯಶಾಸ್ತ್ರಜ್ಞನಾದ ರಾಫೇಲ್ ಲೆಮ್‌ಕಿನ್ 1944ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕುಲವಾಚಕವಾದ ಗ್ರೀಕು ಶಬ್ದವನ್ನೂ ವಧಾರ್ಥಕವಾದ ಲ್ಯಾಟಿನ್ ಧಾತುವನ್ನೂ ಕೂಡಿಸಿ ‘ಜೆನೊಸೈಡ್’ ಎಂಬ ಪದವನ್ನು ನಿರ್ಮಿಸಿದನು. ಕನ್ನಡದಲ್ಲಿ ಇದಕ್ಕೆ ‘ನರಮೇಧ’, ‘ಜನಾಂಗಹತ್ಯೆ’ ಎಂಬ ಎರಡು ಮಾತುಗಳೂ ರೂಢಿಯಲ್ಲಿವೆ. ಮೊದಲನೆಯದು ಯಜ್ಞಪರಿಭಾಷೆಯಿಂದ ಬಂದುದು. ಅದರಿಂದ ಹತರಾದವರ ಬಾಹುಳ್ಯವು ತೋರುವುದೇ ಹೊರತು ಹಂತಕರ ಸಂಕಲ್ಪವು ತೋರುವುದಿಲ್ಲ. ಎರಡನೆಯದು ಆ ಸಂಕಲ್ಪವನ್ನು ಸೂಚಿಸುವುದರಿಂದ ಬೋಧನೆಗೆ ಅದೇ ಹೆಚ್ಚು ಯೋಗ್ಯವಾಗಿದೆ.

ಸಂಕಲ್ಪವೇ ಇಲ್ಲಿ ಮುಖ್ಯವಾದ ಲಕ್ಷಣ. ಸಂಯುಕ್ತರಾಷ್ಟ್ರಗಳ ಮಹಾಸಭೆಯು 1948ನೆಯ ಡಿಸೆಂಬರ್ 9ರಂದು ಅಂಗೀಕರಿಸಿದ ಒಡಂಬಡಿಕೆಯು, ರಾಷ್ಟ್ರ, ಕುಲ, ವರ್ಣ ಅಥವಾ ಧರ್ಮದಿಂದ ಗುರುತಿಸಲ್ಪಡುವ ಒಂದು ಸಮುದಾಯವನ್ನು ಪೂರ್ಣವಾಗಿಯಾಗಲಿ ಅಂಶತಃವಾಗಲಿ ನಾಶಮಾಡುವ ಉದ್ದೇಶದಿಂದ ನಡೆಸಿದ ಐದು ಬಗೆಯ ಕೃತ್ಯಗಳನ್ನು ಹೇಳುತ್ತದೆ: ಕೊಲ್ಲುವುದು, ದೇಹಕ್ಕೂ ಮನಸ್ಸಿಗೂ ಘೋರವಾದ ಹಾನಿಯನ್ನುಂಟುಮಾಡುವುದು, ಬದುಕಲಾಗದ ಸ್ಥಿತಿಗೆ ನೂಕುವುದು, ಸಂತಾನವನ್ನು ತಡೆಯುವುದು, ಮಕ್ಕಳನ್ನು ಬಲಾತ್ಕಾರದಿಂದ ಬೇರೆ ಸಮುದಾಯಕ್ಕೆ ಒಯ್ಯುವುದು. ಭಾರತವು ಈ ಒಡಂಬಡಿಕೆಯನ್ನು 1959ರಲ್ಲಿ ಸ್ಥಿರೀಕರಿಸಿತು. ಒಡಂಬಡಿಕೆಯ ಹೆಸರಿನಲ್ಲಿ ಶಿಕ್ಷೆಗಿಂತ ಮೊದಲು ‘ನಿವಾರಣೆ’ ಎಂಬ ಮಾತಿದೆಯೆಂಬುದನ್ನು ಅಧ್ಯಾಪಕರು ಗಮನಿಸತಕ್ಕದ್ದು.

ಈ ವಿಷಯವನ್ನು ಕಲಿಸುವಾಗ ಸಾಮಾನ್ಯವಾಗಿ 1915ರಿಂದ ಆರ್ಮೇನಿಯರಿಗೆ ಒದಗಿದ ವಿಪತ್ತು, ನಾಟ್ಸಿಗಳಿಂದ ಸುಮಾರು 60 ಲಕ್ಷ ಯೆಹೂದಿಗಳು ಹತರಾದುದು, 1994ರ ರುವಾಂಡದ ಹತ್ಯಾಕಾಂಡ ಇವುಗಳನ್ನು ಹೇಳುವುದುಂಟು. ಇವುಗಳನ್ನು ತಿಳಿಸಲೇಬೇಕು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ, ಇದು ದೂರದೇಶದ ದುಷ್ಟರ ಕಥೆ, ನಮ್ಮ ನೆಲಕ್ಕೆ ಸಂಬಂಧಿಸಿದುದಲ್ಲವೆಂಬ ಭಾವನೆಯು ವಿದ್ಯಾರ್ಥಿಯಲ್ಲಿ ಬೇರೂರುತ್ತದೆ. ಆದುದರಿಂದ ಸಮೀಪದ ನಿದರ್ಶನವೊಂದು ಅವಶ್ಯಕ.

ಮೂಡಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿರುವ ತೋಡಾರು ಮತ್ತು ಅದರ ಆಸುಪಾಸಿನ ಗ್ರಾಮಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಭಾಷೆಗಳನ್ನಾಡುವ ಹಿಂದು, ಜೈನ, ಕ್ರೈಸ್ತ, ಮುಸಲ್ಮಾನ ಮನೆತನಗಳ ಮಕ್ಕಳು ಒಂದೇ ಪಾಠಶಾಲೆಯಲ್ಲಿ ಕುಳಿತು ಓದುತ್ತಾರೆ. ಈ ಸೀಮೆಯ ಚರಿತ್ರೆಯಲ್ಲಿ 1784ನೆಯ ವರ್ಷವು ಮರೆಯಲಾಗದುದು. ಹಿಂದಿನ ವರ್ಷ ಇಂಗ್ಲಿಷ್ ಸೇನಾನಿ ಮ್ಯಾಥ್ಯೂಸನು ಮಂಗಳೂರನ್ನೂ ಬಿದನೂರನ್ನೂ ಹಿಡಿದಿದ್ದನು; ಟೀಪು ಸುಲ್ತಾನನು ಅವುಗಳನ್ನು ಮರಳಿ ಪಡೆದನು. 1784ನೆಯ ಮಾರ್ಚ್ 11ರಂದು ಮಂಗಳೂರಿನಲ್ಲಿ ಸಂಧಿಯಾಯಿತು. ಕರಾವಳಿಯ ಕ್ರೈಸ್ತರು ಶತ್ರುಗಳಿಗೆ ನೆರವಾದರೆಂಬ ಆರೋಪದ ಮೇಲೆ ಆ ವರ್ಷವೇ ಅವರನ್ನು ಹೆಂಗಸರು, ಮಕ್ಕಳು, ಮುದುಕರೆನ್ನದೆ ಸೆರೆಹಿಡಿದು, ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅವರ ಆಸ್ತಿಗಳು ಮುಟ್ಟುಗೋಲಾದುವು, ಇಗರ್ಜಿಗಳು ಕೆಡವಲ್ಪಟ್ಟುವು, ಪಾದ್ರಿಗಳು ದೇಶಭ್ರಷ್ಟರಾದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಹಸಿವು ರೋಗಗಳಿಂದ ಅನೇಕರು ಮಡಿದರು. ಅನೇಕರನ್ನು ಬಲಾತ್ಕಾರದಿಂದ ಮತಾಂತರಿಸಿ, ಯುವಕರನ್ನು ಸೈನ್ಯಕ್ಕೆ ಸೇರಿಸಿದರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆಯೇ ಉಳಿದವರಿಗೆ ಬಿಡುಗಡೆಯಾಯಿತು.

ಸೆರೆಯಾದವರ ಸಂಖ್ಯೆಯನ್ನು 30,000 ಎಂದು ಹೇಳಿದವರೂ ಉಂಟು, 80,000 ಎಂದು ಹೇಳಿದವರೂ ಉಂಟು. ಈ ಅಂತರವನ್ನು ಮುಚ್ಚಿಡುವುದು ಪಾಠಕ್ಕೆ ಹಿತವಲ್ಲ. ಆ ಕಾಲದ ವೃತ್ತಾಂತಗಳಲ್ಲಿ ಬಹುಭಾಗವು ಕಂಪನಿಯ ಅಧಿಕಾರಿಗಳಿಂದಲೂ, ಜೇಮ್ಸ್ ಸ್ಕರಿಯಂತಹ ಇಂಗ್ಲಿಷ್ ಸೆರೆಯಾಳುಗಳಿಂದಲೂ ಬಂದುದು. ಅವರು ಸುಲ್ತಾನನ ವೈರಿಗಳು. ಆಸ್ಥಾನದ ಬರಹಗಾರರಿಗಾದರೋ ದಂಡನೆಯ ದೊಡ್ಡಸ್ತಿಕೆಯನ್ನು ಮೆರೆಯಿಸುವ ಆಸೆಯಿತ್ತು. ವೈರಿಯ ಸಾಕ್ಷ್ಯವೆಂದ ಮಾತ್ರಕ್ಕೆ ಸುಳ್ಳಾಗದು. ಪ್ರಭುವಿನ ಹೊಗಳಿಕೆಯೆಂದ ಮಾತ್ರಕ್ಕೆ ನಿಜವಾಗದು. ಎರಡು ವಿರೋಧಪಕ್ಷಗಳೂ ಒಪ್ಪುವ ಅಂಶವೆಂದರೆ, ಒಂದು ಸಮುದಾಯವನ್ನು ಸಮೂಹವಾಗಿ ಕಿತ್ತು ಒಯ್ದರೆಂಬುದು. ಅದು ನಿಸ್ಸಂದೇಹವಾದುದು.

ಇದನ್ನು ಜನಾಂಗಹತ್ಯೆಯೆನ್ನಬಹುದೆ? ಈ ಪ್ರಶ್ನೆಯನ್ನು ಪಾಠದ ಆದಿಯಲ್ಲಿ ಎತ್ತಬಾರದು, ಕೊನೆಯಲ್ಲಿ ಎತ್ತಬೇಕು. ಒಡಂಬಡಿಕೆಯ ಐದು ಕೃತ್ಯಗಳಲ್ಲಿ ಕೆಲವಕ್ಕೆ ಇಲ್ಲಿ ಹೋಲಿಕೆಯುಂಟು. ಆದರೆ ನಾಶದ ಸಂಕಲ್ಪವಿತ್ತೆ, ದಂಡನೆಯ ಮತ್ತು ಮತಪರಿವರ್ತನೆಯ ಸಂಕಲ್ಪವಿತ್ತೆ ಎಂಬಲ್ಲಿ ಅಭಿಪ್ರಾಯಭೇದಕ್ಕೆ ಅವಕಾಶವಿದೆ. ಬಲಾತ್ಕಾರದ ಸ್ಥಳಾಂತರವನ್ನು 1998ರ ರೋಮ್ ಶಾಸನವು ಮಾನವತೆಯ ವಿರುದ್ಧದ ಅಪರಾಧಗಳಲ್ಲಿ ಎಣಿಸುತ್ತದೆ. ಹೆಸರು ಯಾತನೆಯನ್ನು ಅಳೆಯುವ ಕೊಳಗವಲ್ಲ. ಚಿಕ್ಕ ಹೆಸರನ್ನಿಟ್ಟರೆ ಮಡಿದವರಿಗೆ ಅಪಮಾನವಾಗದು. ದೊಡ್ಡ ಹೆಸರನ್ನಿಟ್ಟರೆ ಗೌರವ ಹೆಚ್ಚದು. ಸಾಕ್ಷ್ಯವನ್ನು ತೂಗಿ ಹೆಸರನ್ನಿಡುವ ಶಿಸ್ತೇ ಇಲ್ಲಿ ವಿದ್ಯಾರ್ಥಿಯು ಗಳಿಸುವ ಫಲ.

ಇಂತಹ ಕೃತ್ಯಗಳ ಬೇರು ಯಾವುದೆಂಬುದನ್ನು ಸಾಹಿತ್ಯದ ಅಧ್ಯಾಪಕರು ಮಹಾಭಾರತದ ಆದಿಪರ್ವದಿಂದಲೇ ತೋರಿಸಬಹುದು. ಪರೀಕ್ಷಿತನನ್ನು ಕಚ್ಚಿದವನು ತಕ್ಷಕನೊಬ್ಬನು. ಜನಮೇಜಯನ ಯಾಗಾಗ್ನಿಗೆ ಬಿದ್ದುದು ಸರ್ಪಕುಲವೆಲ್ಲ. ಅದಕ್ಕೂ ಮುನ್ನ ಬರುವ ರುರುವಿನ ಉಪಾಖ್ಯಾನದಲ್ಲಿ, ಹೆಂಡತಿಗೆ ಹಾವು ಕಚ್ಚಿತೆಂದು ಕಂಡ ಹಾವುಗಳನ್ನೆಲ್ಲ ಬಡಿಯುತ್ತ ಬಂದ ರುರುವಿಗೆ, ವಿಷವಿಲ್ಲದ ಡುಂಡುಭವೊಂದು ಆಕಾರಸಾಮ್ಯದಿಂದ ಅಪರಾಧವನ್ನು ನಿರ್ಣಯಿಸಬಾರದೆಂದು ತಿಳಿಯಹೇಳುತ್ತದೆ. ಒಬ್ಬನ ತಪ್ಪನ್ನು ಕುಲಕ್ಕೆ ಹೊರಿಸುವುದೇ ಇಲ್ಲಿಯ ಮೂಲದೋಷ. 1783ರ ಯುದ್ಧದಲ್ಲಿ ಕೆಲವರು ಇಂಗ್ಲಿಷರಿಗೆ ನೆರವಾಗಿದ್ದರೆಂದೇ ಇಟ್ಟುಕೊಂಡರೂ, ತೊಟ್ಟಿಲ ಕೂಸು ಅದಕ್ಕೆ ಹೊಣೆಯಾಗದು. ಯಾಗವನ್ನು ನಿಲ್ಲಿಸಿದ ಆಸ್ತೀಕನು ಋಷಿಪುತ್ರನೂ ಹೌದು, ನಾಗಕನ್ಯೆಯ ಮಗನೂ ಹೌದು; ಎರಡೂ ಕಡೆಗೆ ಸಂಬಂಧವುಳ್ಳವನಿಂದಲೇ ತಡೆ ಬಂದಿತೆಂಬುದು ನಾಗಾರಾಧನೆಯ ಈ ತುಳುನಾಡಿನಲ್ಲಿ ಮಕ್ಕಳ ಮನಸ್ಸಿಗೆ ಬೇಗನೆ ತಟ್ಟುವ ಅಂಶ.

ಇದೇ ನ್ಯಾಯವನ್ನು ಪಾಠಕ್ಕೂ ಅನ್ವಯಿಸಬೇಕು. 1784ರ ಕೃತ್ಯಕ್ಕಾಗಿ ಇಂದಿನ ಮುಸಲ್ಮಾನ ಬಾಲಕನತ್ತ ಬೆರಳು ತೋರಿಸುವವನು, ಯಾವ ದೋಷವನ್ನು ಖಂಡಿಸಲು ಹೊರಟನೋ ಅದನ್ನೇ ಮಾಡಿದಂತಾಗುತ್ತದೆ. ಆ ಕೃತ್ಯವೇ ನಡೆಯಲಿಲ್ಲವೆನ್ನುವವನು ಕ್ರೈಸ್ತ ಬಾಲಕನ ಪೂರ್ವಿಕರನ್ನು ಎರಡನೆಯ ಸಲ ದೇಶಭ್ರಷ್ಟರನ್ನಾಗಿ ಮಾಡುತ್ತಾನೆ. 1791ರಲ್ಲಿ ಮರಾಠಾ ಪಡೆಯ ಲೂಟಿಗೆ ಸಿಕ್ಕಿದ ಶೃಂಗೇರಿ ಮಠಕ್ಕೆ ಅದೇ ಸುಲ್ತಾನನು ನೆರವು ನೀಡಿದನೆಂಬುದು ಮಠದಲ್ಲಿ ದೊರೆತ ಕನ್ನಡ ಪತ್ರಗಳಿಂದ ಸಿದ್ಧವಾಗಿದೆ. ಈ ಪತ್ರಗಳು ಸೆರೆಯ ಸಂಕಟವನ್ನು ಅಳಿಸವು. ಸೆರೆಯ ಸಂಕಟವು ಪತ್ರಗಳನ್ನು ಸುಳ್ಳುಮಾಡದು. ಎರಡನ್ನೂ ಒಟ್ಟಿಗೆ ಓದಬಲ್ಲ ಬುದ್ಧಿಯೇ ಪ್ರೌಢಬುದ್ಧಿ.

ನಿವಾರಣೆಯ ಪಾಠಕ್ಕೂ ಈ ಸೀಮೆಯಲ್ಲಿ ಸಾಮಗ್ರಿಯುಂಟು. ಇಗರ್ಜಿಗಳು ಬೀಳುತ್ತಿದ್ದ ಆ ಕಾಲದಲ್ಲಿ ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿಯು ಉಳಿಯಿತು; ಜೈನನಾದ ಚೌಟ ಅರಸನ ಮಧ್ಯಸ್ಥಿಕೆಯೇ ಅದಕ್ಕೆ ಕಾರಣವೆಂದು ಸ್ಥಳೀಯ ಕ್ರೈಸ್ತರ ಪರಂಪರೆಯು ಹೇಳುತ್ತದೆ. ಅನ್ಯಧರ್ಮೀಯನಾದ ಸಾಮಂತನೊಬ್ಬನ ಮಾತು ಒಂದು ಮಂದಿರವನ್ನು ಉಳಿಸಬಲ್ಲುದಾದರೆ, ಸುಮ್ಮನಿರುವುದು ಅನಿವಾರ್ಯವೆಂಬ ವಾದವು ಅಲ್ಲಿಯೇ ಬೀಳುತ್ತದೆ.

ಇದಕ್ಕಿಂತಲೂ ವಿಶದವಾದುದು ಶ್ರವಣಬೆಳಗೊಳದಲ್ಲಿರುವ ಕ್ರಿ. ಶ. 1368ರ ಬುಕ್ಕರಾಯನ ಶಾಸನ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಬಿನ್ನವಿಸಿಕೊಂಡಾಗ, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರಿಗೆ ಪಂಚಮಹಾವಾದ್ಯ ಕಲಶಗಳ ಹಕ್ಕನ್ನು ಸ್ಥಿರಪಡಿಸಿದನು. ವಿಶೇಷವೇನೆಂದರೆ ಶಾಸನವು ಸದ್ಭಾವನೆಯ ಮಾತಿಗೆ ನಿಲ್ಲುವುದಿಲ್ಲ. ಜೈನರ ಪ್ರತಿಯೊಂದು ಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಎತ್ತಿ, ಬೆಳಗೊಳದ ದೇವರ ಅಂಗರಕ್ಷೆಗೆ 20 ಮಂದಿ ಆಳುಗಳನ್ನಿಡತಕ್ಕದ್ದೆಂದೂ, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದೆಂದೂ, ಈ ಹೊಣೆಯು ತಿರುಮಲೆಯ ತಾತಯ್ಯನದೆಂದೂ ಅದು ವಿಧಿಸುತ್ತದೆ. ಅಂದರೆ ಅಲ್ಪಸಂಖ್ಯಾತರ ರಕ್ಷಣೆಯು ವೈಷ್ಣವಾಚಾರ್ಯನ ಹೊಣೆಯಾಯಿತು. ದೂರನ್ನು ಕೇಳುವ ಪ್ರಭುತ್ವ, ಬರಹದಲ್ಲಿರುವ ಹಕ್ಕು, ಕಾವಲು, ವೆಚ್ಚಕ್ಕೆ ಹಣ, ಹೆಸರಿಟ್ಟು ಗೊತ್ತುಮಾಡಿದ ಹೊಣೆಗಾರ ಎಂಬ ಐದು ಅಂಗಗಳು ಇಲ್ಲಿವೆ. ಮೂಡಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯನ್ನು ನೋಡುವ ವಿದ್ಯಾರ್ಥಿಗೆ, ಕಟ್ಟಡಗಳು ಶಿಲ್ಪಿಯ ಕೌಶಲದಿಂದ ಮಾತ್ರವಲ್ಲದೆ ಇಂತಹ ಏರ್ಪಾಡುಗಳಿಂದಲೂ ನಿಲ್ಲುತ್ತವೆಯೆಂದು ತಿಳಿಸಬಹುದು.

ತರಗತಿಯಲ್ಲಿ ಅನುಸರಿಸಬೇಕಾದ ಕ್ರಮವು ಇದರಿಂದಲೇ ಹೊರಡುತ್ತದೆ. ಮೊದಲು ಏನು ನಡೆಯಿತೆಂಬುದು, ಬಳಿಕ ಯಾರ ಸಾಕ್ಷ್ಯದಿಂದ ತಿಳಿದುದೆಂಬುದು, ಆಮೇಲೆ ಯಾವ ಆರೋಪದಿಂದ ಕುಲವೆಲ್ಲ ಅಪರಾಧಿಯೆನಿಸಿತೆಂಬುದು, ಅನಂತರ ಯಾರು ತಡೆದರು, ಯಾರು ತಡೆಯಬಹುದಾಗಿತ್ತೆಂಬುದು, ಕಡೆಗೆ ಹೆಸರು. ಭೀಕರವಾದ ಚಿತ್ರಗಳಿಂದ ಮಕ್ಕಳನ್ನು ಬೆದರಿಸುವುದಾಗಲಿ, ಹಂತಕರ ಹತರ ಪಾತ್ರಗಳನ್ನು ಅವರಿಂದ ಆಡಿಸುವುದಾಗಲಿ ಸಲ್ಲದು. ಯಾವ ಮಗುವನ್ನೂ ತನ್ನ ಸಮುದಾಯದ ಪರವಾಗಿ ಉತ್ತರ ಹೇಳೆಂದು ನಿಲ್ಲಿಸಕೂಡದು. ‘ಅವರೆಲ್ಲರೂ ಹಾಗೆಯೇ’ ಎಂಬ ವಾಕ್ಯವು ಕಿವಿಗೆ ಬಿದ್ದಾಗ, ಎಲ್ಲರೂ ಎಂದರೆ ಯಾರು ಯಾರೆಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಯು ಪಡೆದನಾದರೆ ಪಾಠವು ಸಾರ್ಥಕವಾಯಿತೆನ್ನಬಹುದು. ಏಕೆಂದರೆ ಎಲ್ಲ ಸೆರೆಗಳೂ ಎಲ್ಲ ಸರ್ಪಯಾಗಗಳೂ ಆ ವಾಕ್ಯದಿಂದಲೇ ಮೊದಲಾಗುತ್ತವೆ.