ಜಿಂಕೆಮರಿಯ ಮೊದಲ ಚಳಿಗಾಲ

ಕಾಯಿಲೆ ಬಿದ್ದ ಜಿಂಕೆಮರಿ ಅದನ್ನು ತೋರಿಸಿಕೊಳ್ಳುವುದಿಲ್ಲ. ಸುಸ್ತಾದರೆ ಹುಲಿ, ಚಿರತೆಗಳ ಕಣ್ಣಿಗೆ ಬೀಳುವ ಜಾತಿ ಅದು. ಬೇಲಿಯೊಳಗೆ ಸಾಕಿದರೂ ಆ ಗುಣ ಹೋಗುವುದಿಲ್ಲ. ರೋಗ ಕಣ್ಣಿಗೆ ಕಾಣುವಷ್ಟರಲ್ಲಿ ಔಷಧದ ಹೊತ್ತು ಮೀರಿರುವುದೇ ಹೆಚ್ಚು. ಹಾಗಾಗಿ 1969ರಲ್ಲಿ ಜಿಂಕೆ ಸಾಕಣೆಗೆ ಕಾನೂನಿನ ಒಪ್ಪಿಗೆ ಕೊಟ್ಟ ನ್ಯೂಜಿಲೆಂಡಿನಲ್ಲಿ ರೈತರ ಗಮನವೆಲ್ಲ ರೋಗ ಬಾರದಂತೆ ನೋಡಿಕೊಳ್ಳುವುದರ ಮೇಲಿದೆ.

ಅಲ್ಲಿನ ಕೆಂಪು ಜಿಂಕೆ ಮರಿ ಹಾಕುವುದು ನವೆಂಬರ್, ಡಿಸೆಂಬರ್ ತಿಂಗಳಲ್ಲಿ. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳು ಗರ್ಭದಲ್ಲಿ ಮರಿಗೆ ದಾಟುವುದಿಲ್ಲ. ಅವು ಸಿಗುವುದು ಗಿಣ್ಣುಹಾಲಿನಿಂದ. ಅವನ್ನು ಹೀರಿಕೊಳ್ಳುವ ಶಕ್ತಿ ಕರುಳಿಗೆ ಇರುವುದು ಸುಮಾರು ಮೊದಲ 24 ಗಂಟೆ ಮಾತ್ರ. ಈ ಹೊತ್ತಿನಲ್ಲಿ ಮರಿಯನ್ನು ನೋಡಲು, ಎತ್ತಲು ಹೋಗುವುದೇ ದೊಡ್ಡ ಅಪಾಯ. ಬೆದರಿದ ತಾಯಿ ಮರಿಯನ್ನು ಬಿಟ್ಟೇ ಹೋಗಬಹುದು. ಎತ್ತರದ ಹುಲ್ಲಿನಲ್ಲಿ ಅಲುಗಾಡದೆ ಮಲಗಿದ ಮರಿ ಅನಾಥವಲ್ಲ, ತಾಯಿ ಬಚ್ಚಿಟ್ಟಿದ್ದು. ನಮ್ಮ ಕಾಡಂಚಿನಲ್ಲಿ ಕನಿಕರದಿಂದ ಜಿಂಕೆಮರಿಯನ್ನು ಮನೆಗೆ ತರುವವರಿಗೂ ಈ ಮಾತು ಸಲ್ಲುತ್ತದೆ. ಇಲ್ಲಿ ಹಾಗೆ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ನಿಜವಾಗಿ ತಬ್ಬಲಿಯಾದ ಮರಿಗೆ ಬಾಟಲಿ ಹಾಲೇ ಗತಿ. ಜಿಂಕೆಯ ಹಾಲು ಹಸುವಿನದಕ್ಕಿಂತ ಗಟ್ಟಿ, ಕೊಬ್ಬು ಹೆಚ್ಚು. ಮರಿಯನ್ನು ನಿಲ್ಲಿಸಿಯೇ ಕುಡಿಸಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಬಟ್ಟೆಯಿಂದ ಬಾಲದಡಿ ಒರೆಸಬೇಕು: ತಾಯಿ ನೆಕ್ಕಿದಂತಾದರೇ ಎಳೆಮರಿ ಉಚ್ಚೆ, ಹಿಕ್ಕೆ ಹಾಕುವುದು. ಭೇದಿ ಹತ್ತಿದರೆ ಮರಿಯ ಜೀವ ತೆಗೆಯುವುದು ನೀರು, ಲವಣಗಳ ನಷ್ಟ. ಮೊದಲು ಲವಣದ ನೀರು ಕುಡಿಸಿ, ಮರಿಯನ್ನು ಬೆಚ್ಚಗಿಟ್ಟು, ಬೇರೆ ಕಟ್ಟಬೇಕು. ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿಯಿಂದ ಬಂದ ಭೇದಿಗೆ ಸಾಮಾನ್ಯ ಆ್ಯಂಟಿಬಯೋಟಿಕ್ ನಾಟುವುದಿಲ್ಲ. ಅದು ಮನುಷ್ಯರಿಗೂ ಅಂಟುವಂಥದು, ಕೈ ತೊಳೆಯದೆ ಇರುವಂತಿಲ್ಲ.

ಹಾಲು ಬಿಡಿಸಿದ ಮೇಲಿನ ಮೊದಲ ಚಳಿಗಾಲವೇ ಅತಿ ಕಠಿಣ. ಆಗ ಕಾಡುವುದು ಯೆರ್ಸಿನಿಯೋಸಿಸ್. ಇದರ ಬ್ಯಾಕ್ಟೀರಿಯಾ ಹಕ್ಕಿ, ಇಲಿಗಳ ಹಿಕ್ಕೆಯಿಂದ ಹುಲ್ಲಿಗೆ ಬರುತ್ತದೆ, ತಂಪು ನೆಲದಲ್ಲಿ ಬಹಳ ದಿನ ಉಳಿಯುತ್ತದೆ. ಎಷ್ಟೋ ಮರಿಗಳ ಹೊಟ್ಟೆಯಲ್ಲಿ ಅದು ಸದ್ದಿಲ್ಲದೆ ಇರುತ್ತದೆ. ತಾಯಿಯಿಂದ ಅಗಲಿದ ಗಾಬರಿ, ಮಳೆಗಾಳಿ, ಲಾರಿ ಪ್ರಯಾಣ, ಮೇವಿನ ಕೊರತೆ ಸೇರಿದಾಗ ರೋಗ ಏಳುತ್ತದೆ. ಹಿಂಡಿನಿಂದ ಹಿಂದೆ ಬಿದ್ದ ಮರಿ, ಹಿಂಗಾಲಿಗೆ ಮೆತ್ತಿದ ನಾರುವ ಹಸಿರು ಭೇದಿ ಅದರ ಗುರುತು. ಕೆಲವು ಏನೂ ತೋರಿಸದೆ ಸತ್ತಿರುತ್ತವೆ. ಬೇಗ ಗೊತ್ತಾದರೆ ಆ್ಯಂಟಿಬಯೋಟಿಕ್, ಸಲೈನ್ ಉಳಿಸಬಹುದು. ನ್ಯೂಜಿಲೆಂಡಿನಲ್ಲೇ ಇದಕ್ಕೆಂದು ಲಸಿಕೆ ತಯಾರಾಗಿದೆ: ಸುಮಾರು ಮೂರು ತಿಂಗಳ ಪ್ರಾಯದಲ್ಲಿ ಒಂದು, ಕೆಲವು ವಾರ ಬಿಟ್ಟು ಇನ್ನೊಂದು. ಲಸಿಕೆ ಹಾಕಿದರೂ ಮರಿಯ ಹೊಟ್ಟೆ ತುಂಬಿರಬೇಕು, ಗಾಳಿಗೆ ಮರೆ ಇರಬೇಕು.

ಶ್ವಾಸಕೋಶದ ಹುಳುವಿನ ಕಾಟ ಅದಕ್ಕೂ ಮುಂಚೆ, ಬೇಸಿಗೆಯ ಕೊನೆಗೇ ಶುರುವಾಗುತ್ತದೆ. ಕೆಮ್ಮು ಕೇಳಿಸುವುದು ಅಪರೂಪ, ಮರಿಯ ತೂಕ ಏರದಿರುವುದೇ ಸೂಚನೆ. ಜಂತುವಿನ ಔಷಧವನ್ನು ಚಳಿಗಾಲದವರೆಗೆ ಕೆಲವು ವಾರಗಳಿಗೊಮ್ಮೆ ಕೊಡುತ್ತಾರೆ. ಕೆಲವು ಔಷಧಗಳನ್ನು ಜಿಂಕೆಯ ದೇಹ ದನಕ್ಕಿಂತ ಬೇಗ ಹೊರಹಾಕುವುದರಿಂದ ದನದ ಲೆಕ್ಕದ ಪ್ರಮಾಣ ಸಾಲದು. ಎಷ್ಟೆಂದು ಪಶುವೈದ್ಯರೇ ಹೇಳಬೇಕು.